ಹೊಗೆ ಕಷಾಯ

ಜೆರ್ಟ್ರೂಡ್ ಎಡಗೈಯಲ್ಲಿ ಚಾ ಲೋಟ ಎತ್ತಿದ್ದನ್ನು ನೋಡಿದ ಮೇಲೆ ಕಜೆಟನ್ ಏನೂ ಕೇಳಲಿಲ್ಲ. ತಂಗಿಯ ಬಲಗೈ ಶಾಲಿನ ಒಳಗಿತ್ತು. ಕಾಪುವಿನ ತಾಯಿಮನೆಯ ಜಗಲಿಯಲ್ಲಿ ಕೂತು ಅವಳು ಬಚ್ಚಲಲ್ಲಿ ಜಾರಿ ಬಿದ್ದ ಕತೆ ಹೇಳಿದಳು. ನಗಬೇಕಾದ ಕಡೆ ನಕ್ಕಳು ಕೂಡ. ತಾಯಿ ಆಂಜೆಲಾ ಬಾಯಿ, "ಬಚ್ಚಲಿಗೆ ಒಂದು ರಬ್ಬರಿನ ಚಾಪೆ ಹಾಕಿಸು ಮಗಾ" ಎಂದರು. ಕಳೆದ ವರ್ಷ ಅವಳು ಮೆಟ್ಟಿಲಲ್ಲಿ ಬಿದ್ದಿದ್ದಳು. ಅದಕ್ಕೂ ಮೊದಲು ಅಡುಗೆಮನೆಯ ಕಪಾಟಿನ ಬಾಗಿಲು ಹಣೆಗೆ ಬಡಿದಿತ್ತು. ಕಾರ್ಕಳದ ಆ ಹೊಸ ಮನೆಯಲ್ಲಿ ಜೆರ್ಟ್ರೂಡಳಿಗೆ ಬೀಳದೆ ಇರಲು ಒಂದು ಮೂಲೆಯೂ ಇರಲಿಲ್ಲ.

ಬೀಳಿಸುವವನು ಅವಳ ಗಂಡ ಕ್ಲಾರೆನ್ಸ್. ಅದು ಕಜೆಟನ್‌ಗೆ ಗೊತ್ತಿತ್ತು, ಜೆರ್ಟ್ರೂಡಳಿಗೆ ಗೊತ್ತಿತ್ತು, ಬೇರೆ ಯಾರಿಗೆ ಹೇಳಿದರೂ ನಂಬುವ ಹಾಗಿರಲಿಲ್ಲ. ಕ್ಲಾರೆನ್ಸನದು ಕಾರ್ಕಳದಲ್ಲಿ ಗ್ರಾನೈಟ್ ಮತ್ತು ಟೈಲ್ಸಿನ ದೊಡ್ಡ ಅಂಗಡಿ. ಇಗರ್ಜಿಯಲ್ಲಿ ಅವನೇ ವಾಳೆಯ ಗುರಿಕಾರ, ತಮ್ಮ ಕೇರಿಯ ಕ್ರೈಸ್ತ ಮನೆಗಳಿಗೆಲ್ಲ ಮುಖಂಡ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಕುರ್ಚಿ, ಶಾಮಿಯಾನದ ವ್ಯವಸ್ಥೆ ಮಾಡುವವನು. ಎಲ್ಲಕ್ಕಿಂತ ಮಿಗಿಲಾಗಿ, ಅವನು ಎರಡೇ ಗ್ಲಾಸಿನವನು. ಮದುವೆ ಇರಲಿ, ಹಬ್ಬ ಇರಲಿ, ಎರಡನೆಯ ಗ್ಲಾಸು ಮುಗಿದದ್ದೇ ಅಂಗೈಯನ್ನು ಅದರ ಬಾಯಿಗೆ ಮುಚ್ಚಿ, "ಸಾಕು ಮಾರಾಯ, ನಾಳೆ ಕೆಲಸ ಉಂಟು" ಎನ್ನುತ್ತಿದ್ದ. ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ, ಅವನ ಹಾಗಿರಲಿಕ್ಕೆ ನಿಮಗೆ ಎಂತ ಕಷ್ಟ ಎಂದು ಕೇಳುತ್ತಿದ್ದರು. ಹೆಂಡತಿಗೆ ಹೊಡೆಯುವವರು ಕುಡುಕರು ಎಂದು ಊರು ತಿಳಿದಿತ್ತು. ಕ್ಲಾರೆನ್ಸ್ ಹೊಡೆಯುತ್ತಿದ್ದದ್ದು ತಲೆ ನೆಟ್ಟಗಿದ್ದಾಗ, ಕಿಟಕಿ ಮುಚ್ಚಿ, ಬಟ್ಟೆ ಮುಚ್ಚುವ ಜಾಗಗಳಿಗೆ.

ಕಜೆಟನ್ ಸುಮ್ಮನೆ ಕೂತವನಲ್ಲ. ಒಮ್ಮೆ ನೇರವಾಗಿ ಭಾವನಲ್ಲೇ ಮಾತಾಡಿದ್ದ. ಕ್ಲಾರೆನ್ಸ್ ಅವನ ಹೆಗಲ ಮೇಲೆ ಕೈ ಹಾಕಿ ಎಲ್ಲವನ್ನೂ ಕೇಳಿಸಿಕೊಂಡ. ಮುಂದಿನ ವಾರ ಜೆರ್ಟ್ರೂಡ್ ಮೆಟ್ಟಿಲಿನಿಂದ ಬಿದ್ದಳು. ಪಾದ್ರಿಗಳಲ್ಲಿ ಹೇಳಿದಾಗ ಅವರು ಗಂಡ ಹೆಂಡತಿ ಇಬ್ಬರೂ ಸೇರಿ ಪ್ರಾರ್ಥನೆ ಮಾಡಲಿ ಎಂದರು. ಠಾಣೆಗೆ ಹೋದಾಗ ಅಲ್ಲಿಯವರು ಇಬ್ಬರನ್ನೂ ಕರೆಸಿದರು. ಜೆರ್ಟ್ರೂಡ್ ಅಣ್ಣನ ಮುಖ ನೋಡದೆ, "ನಾನೇ ಬಿದ್ದದ್ದು ಸರ್" ಎಂದಳು. ಕ್ಲಾರೆನ್ಸ್ ಎಲ್ಲರಿಗೂ ಚಾ ತರಿಸಿದ. ಆ ಚಾವನ್ನು ಕಜೆಟನ್ ಕೂಡ ಕುಡಿಯಬೇಕಾಯಿತು. ಹೊರಗೆ ಬಂದ ಮೇಲೆ ತಂಗಿ ಅವನ ಕೈಯನ್ನು ಒಂದು ಗಳಿಗೆ ಗಟ್ಟಿಯಾಗಿ ಹಿಡಿದು, "ಇನ್ನು ನೀನು ಎಂತದೂ ಮಾಡಬೇಡ ಅಣ್ಣ. ನೀನು ಮಾಡಿದಷ್ಟೂ ನನಗೆ ಜಾಸ್ತಿ ಆಗುತ್ತದೆ" ಎಂದಳು. ಆಮೇಲೆ ಅವನು ತಂಗಿಯ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದ. ಹೋದಾಗ ಅವಳನ್ನು ಏನೂ ಕೇಳುತ್ತಿರಲಿಲ್ಲ. ಅವಳು ಹೇಗೆ ನಡೆಯುತ್ತಾಳೆ, ಯಾವ ಕೈ ಎತ್ತುತ್ತಾಳೆ ಎಂದು ಮಾತ್ರ ನೋಡಿ ಬರುತ್ತಿದ್ದ.

ಇನ್ನು ಅವನಿಗೆ ಉಳಿದದ್ದು ಅವನ ಕಸುಬು. ಪ್ರವಾಸಿ ಹಡಗುಗಳ ಬಾರುಗಳಲ್ಲಿ ಹರೆಯ ಕಳೆದು ಬಂದ ಕಜೆಟನ್ ಈಗ ಮಣಿಪಾಲದ ಒಂದು ಹೋಟೆಲಿನಲ್ಲಿ ಬಾರಿನ ಮುಖ್ಯಸ್ಥ. ಗಾಜಿನ ಗೋಡೆಯ ಆಚೆ ಸ್ವರ್ಣಾ ನದಿಯ ಕಣಿವೆ, ಈಚೆ ಉದ್ದನೆಯ ಮರದ ಕೌಂಟರು. ಅಲ್ಲಿ ಅವನ ಕೈಯಿಂದ ತಯಾರಾಗುತ್ತಿದ್ದ ಒಂದು ಪಾನೀಯಕ್ಕೆ ಮೆನುವಿನಲ್ಲಿ ಏನೋ ಇಂಗ್ಲಿಷ್ ಹೆಸರಿತ್ತು. ಬಾರಿನವರೆಲ್ಲ ಅದನ್ನು ಹೊಗೆ ಕಷಾಯ ಎನ್ನುತ್ತಿದ್ದರು. ಸುಟ್ಟ ಮಣ್ಣಿನ ವಾಸನೆಯ ಸ್ಕಾಟ್ಲೆಂಡಿನ ವಿಸ್ಕಿ. ಅದಕ್ಕೆ ಮಠದ ಸನ್ಯಾಸಿಗಳು ಬೇರು ಸೊಪ್ಪುಗಳಿಂದ ಇಳಿಸುವ ಹಸಿರು ಲಿಕ್ಕರ್. ಅದರ ಸಿಹಿಯನ್ನು ಹಿಡಿದು ನಿಲ್ಲಿಸಲು ಇಟಲಿಯ ಕಪ್ಪು ಕಹಿ ಮದ್ದಿನಂಥ ಇನ್ನೊಂದು. ನೀರಿಲ್ಲ, ಸೋಡಾ ಇಲ್ಲ, ಹಣ್ಣಿನ ರಸವಿಲ್ಲ. ಕುಲುಕಿದರೆ ಗಾಳಿ ಸೇರಿ ನೊರೆ ಬಂದು ಮದ್ಯ ನಾಲಿಗೆಯನ್ನು ಕಚ್ಚುತ್ತದೆ. ಆದ್ದರಿಂದ ಕುಲುಕುವುದಿಲ್ಲ, ದೊಡ್ಡ ಐಸಿನ ತುಂಡುಗಳ ನಡುವೆ ಉದ್ದ ಚಮಚವನ್ನು ಸದ್ದಾಗದಂತೆ ತಿರುಗಿಸುತ್ತಾ ಇರಬೇಕು. ಗ್ಲಾಸಿನ ಹೊರಮೈ ಬೆವರಿ ಮಂಜಾಗುವ ಹೊತ್ತಿಗೆ ಒಳಗಿನದು ಎಣ್ಣೆಯ ಹಾಗೆ ನುಣುಪಾಗುತ್ತದೆ, ಬೆಂಕಿ ಅಡಗುತ್ತದೆ. ಕೊನೆಗೆ ತೆಂಗಿನ ಗೆರಟೆಯ ಹೊಗೆ ಹಿಡಿಸಿದ ಗ್ಲಾಸಿಗೆ ಸೋಸಿ, ಕಿತ್ತಳೆ ಸಿಪ್ಪೆಯನ್ನು ಹಿಂಡಿ ಕೊಡುವುದು.

ಆ ಹಸಿರು ಲಿಕ್ಕರ್ ಅಮಲಿನಲ್ಲಿ ವಿಸ್ಕಿಗಿಂತಲೂ ಗಟ್ಟಿ. ಹೊಸಬರಿಗೆ ಅದು ಗೊತ್ತಾಗುವುದು ಏಳುವಾಗ.

ಒಂದು ಮಧ್ಯಾಹ್ನ ಹೊರ ಊರಿನ ಒಬ್ಬ ದಪ್ಪ ಗಿರಾಕಿ ಆ ಕೌಂಟರಿನಲ್ಲಿ ತುಂಬಾ ಚುರುಕಾಗಿ, ಸ್ಪಷ್ಟವಾಗಿ ಮಾತಾಡುತ್ತಾ ಕೂತಿದ್ದವನು ಎದ್ದ ಕೂಡಲೇ ಮಂಡಿ ಮಡಚಿ ಕುಸಿದ. ಅವನನ್ನು ಎತ್ತಿ ಕೂರಿಸಿದಾಗ ಅಚ್ಚರಿಯಿಂದ ಕಣ್ಣರಳಿಸಿ, "ನಾನು ಕುಡಿದದ್ದು ಎರಡೇ ಅಲ್ವಾ?" ಎಂದು ಕೇಳಿದ. ಎಲ್ಲರೂ ನಕ್ಕರು. ಕಜೆಟನ್ ನಗಲಿಲ್ಲ. ಅವನು ಆ ಮಾತನ್ನು ಮನೆಗೆ ತೆಗೆದುಕೊಂಡು ಹೋದ.

ಕ್ಲಾರೆನ್ಸ್ ಎಣಿಸುತ್ತಿದ್ದದ್ದು ಗ್ಲಾಸುಗಳನ್ನು, ಮದ್ಯವನ್ನಲ್ಲ. ಎಣಿಕೆ ತಪ್ಪದವನನ್ನು ಆ ಎಣಿಕೆಯಿಂದಲೇ ಬೀಳಿಸಬಹುದಿತ್ತು.

ಯೋಚಿಸಿದಷ್ಟೂ ಕಜೆಟನ್‌ಗೆ ಅದರಲ್ಲಿ ತೂತು ಕಾಣಲಿಲ್ಲ. ವಿಷ ಬೇಡ, ಕತ್ತಿ ಬೇಡ, ಎರಡನೆಯ ಮನುಷ್ಯ ಬೇಡ. ಮೆನುವಿನಲ್ಲಿರುವ ಪಾನೀಯ, ಗಿರಾಕಿ ತಾನೇ ಕೇಳಿ ಕುಡಿದದ್ದು. ಕೌಂಟರಿನ ಮೇಲಿನ ಕ್ಯಾಮೆರಾ ಎಲ್ಲವನ್ನೂ ನೋಡಲಿ, ಅದು ಅವನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಮಣಿಪಾಲದಿಂದ ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ತಿರುವುಗಳಿಗೆ ಬರವಿಲ್ಲ. ರಜೆಯ ದಿನ ಸ್ಕೂಟರಿನಲ್ಲಿ ಹೋಗಿ ಅವನು ಆ ತಿರುವುಗಳನ್ನು ನೋಡಿ ಬಂದ. ಬೈಲೂರಿನ ಆಚೆ ಒಂದು ಇಳಿಜಾರು. ಅದರ ಕೊನೆಗೆ ರಸ್ತೆ ಒಮ್ಮೆಲೇ ಬಲಕ್ಕೆ ಹೊರಳುತ್ತದೆ, ಹೊರಳದಿದ್ದರೆ ಎದುರಿಗೆ ಕಪ್ಪು ಬಂಡೆ. ಕ್ಲಾರೆನ್ಸ್ ಜೋರಾಗಿ ಕಾರು ಬಿಡುವವನು, ಬೇರೆಯವರಿಗೆ ಸ್ಟೇರಿಂಗ್ ಮುಟ್ಟಲು ಬಿಡದವನು. ಆ ಹೊತ್ತಿನಲ್ಲಿ ಎದುರಿನಿಂದ ಯಾರಾದರೂ ಬರಬಹುದು ಎಂಬ ಯೋಚನೆ ಒಂದೆರಡು ಸಲ ಬಂದದ್ದುಂಟು. ಮಧ್ಯಾಹ್ನದ ನಂತರ ಆ ದಾರಿ ಖಾಲಿ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ಬದಿಗಿಟ್ಟ.

ಅವಕಾಶ ತಾನಾಗಿ ಬಂತು. ಉಡುಪಿಯ ಬಿಲ್ಡರ್ ರಿತೇಶ್ ತನ್ನ ಹೊಸ ಆಫೀಸಿನ ಉದ್ಘಾಟನೆಯ ಮಧ್ಯಾಹ್ನದ ಊಟವನ್ನು ಅದೇ ಹೋಟೆಲಿನಲ್ಲಿ ಇಟ್ಟುಕೊಂಡ. ಅವನ ಕಟ್ಟಡಗಳಿಗೆಲ್ಲ ಗ್ರಾನೈಟ್ ಹೋಗುವುದು ಕ್ಲಾರೆನ್ಸನಿಂದ. "ನಿಮ್ಮ ಭಾವನೂ ಬರುತ್ತಾರೆ, ಚೆನ್ನಾಗಿ ನೋಡಿಕೊಳ್ಳಬೇಕು" ಎಂದು ರಿತೇಶನೇ ಬಂದು ಹೇಳಿಹೋದ. ಕಜೆಟನ್ ಉಳಿದ ಒಂದೇ ಕೆಲಸವನ್ನು ಮಾಡಿದ. ತಾಯಿಗೆ ಫೋನ್ ಮಾಡಿ, ನಿಮಗೆ ಬಿ.ಪಿ. ಏರಿದೆ ಎಂದು ನೆಪ ಹೇಳಿ ಜೆರ್ಟ್ರೂಡಳನ್ನು ಎರಡು ದಿನಕ್ಕೆ ಕಾಪುವಿಗೆ ಕರೆಸಿಕೊಳ್ಳಲು ಹೇಳಿದ. ಸುದ್ದಿ ಬರುವಾಗ ಅವಳು ತಾಯಿಯ ಜೊತೆ ಇರಬೇಕು, ಒಬ್ಬಳೇ ಇರಬಾರದು. ಕ್ಲಾರೆನ್ಸ್ ಕೂಡಲೇ ಒಪ್ಪಿದ. ತಾಯಂದಿರ ವಿಷಯದಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

ಊಟದ ದಿನ ಕ್ಲಾರೆನ್ಸ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಕೌಂಟರಿಗೆ ಮೊಣಕೈ ಊರಿದ.

"ಎಂತ ಭಾವ, ಇವತ್ತೂ ಎರಡೇಯಾ?" ಕಜೆಟನ್ ಕೇಳಿದ.

"ಎರಡೇ ಮಾರಾಯ. ನಿನಗೆ ಗೊತ್ತುಂಟಲ್ಲ."

"ಹಾಗಾದರೆ ಆ ಎರಡು ಒಳ್ಳೆಯದಾಗಿರಲಿ. ಸೋಡಾ ಹಾಕಿ ಯಾಕೆ ಹಾಳು ಮಾಡುವುದು?"

ಅವನು ಗೆರಟೆಯ ಚೂರಿಗೆ ಬೆಂಕಿ ಹಿಡಿಸಿ ಹೊಗೆಯ ಮೇಲೆ ಗ್ಲಾಸನ್ನು ಕವುಚಿಟ್ಟ. ಸುತ್ತ ನಿಂತವರು ನೋಡಲು ಹತ್ತಿರ ಬಂದರು. ಚಮಚ ಕಲಸುವ ಗ್ಲಾಸಿನ ಒಳಮೈಯನ್ನು ಸವರುತ್ತಾ ಸುತ್ತಿತು. ಎಷ್ಟೋ ಸಾವಿರ ಸಲ ಮಾಡಿದ ಕೆಲಸ, ಕೈಗೆ ತಾನು ಮಾಡುತ್ತಿರುವುದು ಏನೆಂದು ತಿಳಿಯಬೇಕಾದ ಅಗತ್ಯವಿರಲಿಲ್ಲ. ಸೋಸಿದ್ದರಲ್ಲಿ ಅರ್ಧ ಗ್ಲಾಸಿಗೆ ಹೋಯಿತು, ಉಳಿದದ್ದು ಐಸಿನ ಬಟ್ಟಲಲ್ಲಿ ಕೂತ ಪುಟ್ಟ ಹೂಜಿಗೆ. ಯೋಜನೆಯ ಜಾಣತನವೆಲ್ಲ ಆ ಹೂಜಿಯಲ್ಲಿತ್ತು. ಗ್ಲಾಸು ಖಾಲಿಯಾಗುವ ಮೊದಲೇ ಅದರಿಂದ ತುಂಬಿದರೆ ಅದು ಹೊಸ ಗ್ಲಾಸಲ್ಲ, ಹಳೆಯದರ ಮುಂದುವರಿಕೆ.

ಕ್ಲಾರೆನ್ಸ್ ಮೂಸಿ ನೋಡಿದ. "ಇದರಲ್ಲಿ ಕಷಾಯದ ಪರಿಮಳ ಉಂಟಲ್ಲ?"

"ಮಠದ ಸನ್ಯಾಸಿಗಳು ಮಾಡುವುದು ಭಾವ. ನೂರಾರು ಬೇರು, ಸೊಪ್ಪು."

"ಹಾಗಾದರೆ ಮದ್ದೇ ಬಿಡು" ಎಂದು ಕ್ಲಾರೆನ್ಸ್ ನಕ್ಕು ಗುಟುಕರಿಸಿದ. "ನುಣ್ಣಗೆ ಇಳಿಯುತ್ತದೆ. ಹೊಟ್ಟೆಗೂ ಒಳ್ಳೆಯದು ಅಲ್ವಾ?"

ಮೊದಲನೆಯದು ಊಟದ ಮೊದಲು ಮುಗಿಯಲಿಲ್ಲ. ಎರಡನೆಯದು ಊಟದ ನಂತರವೂ ಮುಗಿಯಲಿಲ್ಲ. ರಿತೇಶ್ ಬಂದು ಹೋದ, ಕಂಟ್ರಾಕ್ಟರುಗಳು ಬಂದು ಹೋದರು, ಕ್ಲಾರೆನ್ಸ್ ಎಲ್ಲರ ಜೊತೆಗೂ ಅಚ್ಚುಕಟ್ಟಾಗಿ ಮಾತಾಡಿದ. ಹೂಜಿ ಬರಿದಾಯಿತು, ಮತ್ತೆ ತುಂಬಿತು. ನಡುವೆ ಒಮ್ಮೆ ಕ್ಲಾರೆನ್ಸ್ ಗ್ಲಾಸನ್ನು ಬೆಳಕಿಗೆ ಹಿಡಿದು, "ಇದು ಎರಡನೆಯದೇ ತಾನೇ?" ಎಂದು ಕೇಳಿದ.

"ಎರಡನೆಯದೇ ಭಾವ."

ಸುಳ್ಳು ಹೇಳಬೇಕಾಗಿ ಬರಲಿಲ್ಲ ಎನ್ನುವುದು ಕಜೆಟನ್‌ಗೆ ಸಮಾಧಾನವೆನಿಸಿತು.

ಕೊನೆಕೊನೆಗೆ ಕ್ಲಾರೆನ್ಸನ ದನಿ ಮೆದುವಾಯಿತು. ಗಾಜಿನ ಆಚೆಯ ಕಣಿವೆಯನ್ನು ನೋಡುತ್ತಾ, "ಅವಳಿಲ್ಲದಿದ್ದರೆ ಮನೆ ಬಿಕೋ ಅನ್ನುತ್ತದೆ ಮಾರಾಯ. ನನಗೆ ಅವಳು ಮನೆಯಲ್ಲೇ ಇರಬೇಕು" ಎಂದ. ಕಜೆಟನ್‌ನ ಕೈಯಲ್ಲಿದ್ದ ಬಟ್ಟೆ ಒಂದು ಕ್ಷಣ ನಿಂತಿತು. ಕುಡಿದವರು ಪ್ರೀತಿಯ ಮಾತಾಡುವುದನ್ನು ಅವನು ಬೇಕಾದಷ್ಟು ಕೇಳಿದ್ದ. ಮದ್ದು ಹತ್ತುತ್ತಾ ಉಂಟು ಎಂದು ಮಾತ್ರ ಅಂದುಕೊಂಡ.

ಕ್ಲಾರೆನ್ಸ್ ಏಳುವಾಗ ಕೌಂಟರನ್ನು ಹಿಡಿದುಕೊಂಡ. ಆದರೆ ಬೀಳಲಿಲ್ಲ, ದೊಡ್ಡ ದೇಹ, ಜಂಬವೂ ದೊಡ್ಡದು. ರಿತೇಶ್ ಓಡಿ ಬಂದು, "ಕ್ಲಾರೆನ್ಸಣ್ಣ, ನನ್ನ ಡ್ರೈವರನ್ನು ಕಳಿಸಲಾ?" ಎಂದ.

"ನಾನು ಎರಡೇ ಗ್ಲಾಸಿನವನು ಮಾರಾಯ!" ಎಂದು ಕ್ಲಾರೆನ್ಸ್ ಎರಡು ಬೆರಳು ಎತ್ತಿ ತೋರಿಸಿದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿ ನಕ್ಕರು. ಇಷ್ಟೊಂದು ಸಾಕ್ಷಿಗಳನ್ನು ಕಜೆಟನ್ ಬಯಸಿಯೂ ಇರಲಿಲ್ಲ. ಗಾಜಿನಾಚೆ ಬಿಳಿ ಕಾರು ಹಿಂದಕ್ಕೆ ಬಂದು, ಒಮ್ಮೆ ತಡವರಿಸಿ, ಗೇಟು ದಾಟಿ ಹೋಯಿತು.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ.

ಅವನು ಗ್ಲಾಸುಗಳನ್ನು ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ. ಗೆದ್ದವನಿಗೆ ಆಗಬೇಕಾದ್ದು ಏನೂ ಅವನಿಗೆ ಆಗಲಿಲ್ಲ. ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ನಿಂತವನ ಹಾಗೆ ಇತ್ತು. ಈಗ ಹಿರಿಯಡ್ಕ ದಾಟಿರಬಹುದು. ಈಗ ಬೈಲೂರು. ಒಮ್ಮೆ ಫೋನ್ ಕೈಗೆತ್ತಿಕೊಂಡು ಕ್ಲಾರೆನ್ಸನ ನಂಬರಿನ ಮೇಲೆ ಬೆರಳಿಟ್ಟ. ಏನು ಹೇಳುವುದು? ಭಾವ, ಕಾರು ನಿಲ್ಲಿಸಿ, ನೀವು ಕುಡಿದದ್ದು ಎರಡಲ್ಲ ಎನ್ನುವುದೇ? ನಿಲ್ಲಿಸಿದರೆ ನಾಳೆ ಮತ್ತೆ ಅದೇ ಮನೆ, ಅದೇ ಬಚ್ಚಲು. ಫೋನನ್ನು ಮಗುಚಿಟ್ಟ. ಕಿಟಕಿಯ ಹೊರಗೆ ಬಿಸಿಲು ಹಳದಿಯಾಗುತ್ತಾ ಬಂತು. ಬೈಲೂರಿನ ಇಳಿಜಾರನ್ನು ಕಣ್ಣೆದುರು ತಂದುಕೊಂಡಾಗೆಲ್ಲ ಎದುರಿನಿಂದ ಯಾರೋ ಒಬ್ಬರು ನಡೆದು ಬರುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಯಾರಾದರೂ ಬಂದು ತನ್ನಿಂದ ಇದನ್ನು ವಾಪಸು ತೆಗೆದುಕೊಳ್ಳಬಾರದೇ ಎಂದು ಅವನಿಗೆ ಅನಿಸಿತು. ಯಾರೂ ಬರಲಿಲ್ಲ. ಒಬ್ಬರು ಬಂದು ಬಿಯರ್ ಕೇಳಿದರು, ಕೊಟ್ಟ.

ಫೋನ್ ಬಂದಾಗ ಪರದೆಯ ಮೇಲೆ ತಾಯಿಯ ಹೆಸರಿತ್ತು. ಅವನು ಶಿಲುಬೆಯ ಗುರುತು ಮಾಡಿಕೊಂಡು ಎತ್ತಿದ. ಅಳು ಕೇಳಲು ತಯಾರಾಗಿದ್ದ. ತಾನೂ ಹೇಗೆ ಬೆಚ್ಚಿಬೀಳಬೇಕು ಎಂದು ಅಭ್ಯಾಸವನ್ನೂ ಮಾಡಿಕೊಂಡಿದ್ದ.

"ಪುತಾ," ಆಂಜೆಲಾ ಬಾಯಿಯ ದನಿ ಗೆಲುವಾಗಿತ್ತು, "ನೀನು ಭಾವನಿಗೆ ಎಂತ ಕುಡಿಸಿದ್ದು? ಇಲ್ಲಿಗೆ ಬಂದಾಗ ನಿಲ್ಲಲಿಕ್ಕೆ ಆಗ್ತಿರಲಿಲ್ಲ."

"ಎಲ್ಲಿಗೆ ಬಂದಾಗ?"

"ಇಲ್ಲಿಗೆ, ಕಾಪುವಿಗೆ! ಹೈವೇಯಲ್ಲಿ ನೇರ ಬಂದದ್ದಂತೆ. ಜೆರ್ಟ್ರೂಡ್ ಇಲ್ಲದೆ ಮನೆಗೆ ಹೋಗುವುದಿಲ್ಲ ಅಂತ ಒಂದೇ ಹಟ. ನನಗೆ ಬಿ.ಪಿ. ಅಂದರೂ ಕೇಳಲಿಲ್ಲ. ಕರಕೊಂಡು ಹೋದ."

ಕಜೆಟನ್ ಗಿರಾಕಿಗಳಿಗೆ ಕಾಣದಂತೆ ಕೌಂಟರಿನ ಹಿಂದೆ ನೆಲದಲ್ಲಿ ಕೂತ. ಬೈಲೂರಿನ ದಾರಿಯನ್ನು ಅವನು ತಿರುವು ತಿರುವಾಗಿ ಬಲ್ಲ; ಕಾಪುವಿನಿಂದ ಪಡುಬಿದ್ರಿ, ಬೆಳ್ಮಣ್ ಮೇಲೆ ಕಾರ್ಕಳಕ್ಕೆ ಹೋಗುವ ದಾರಿಯನ್ನು ಯೋಚಿಸಿಯೇ ಇರಲಿಲ್ಲ. ಆ ಕಾರಿನಲ್ಲಿ ಈಗ ಅವನ ತಂಗಿ ಇದ್ದಾಳೆ. ಗಂಡನ ಪಕ್ಕದ ಸೀಟಿನಲ್ಲಿ, ಪೆಟ್ಟಾದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು. "ಮಾಯೀ, ಯಾಕೆ ಬಿಟ್ಟಿರಿ? ಯಾಕೆ ಹೋಗಲಿಕ್ಕೆ ಬಿಟ್ಟಿರಿ?"

"ಎಂತ ಪುತಾ, ಅಳುತ್ತಾ ಇದ್ದೀಯಾ? ಅವರು ಮನೆ ಮುಟ್ಟಿ ಆಯಿತು. ಜೆರ್ಟ್ರೂಡಳೇ ಫೋನ್ ಮಾಡಿದಳು, ಕಾರು ಅಂಗಳದಲ್ಲಿ ನಿಲ್ಲಿಸಿ ಆಯಿತು ಮಾಯಿ ಅಂತ."

ಅವನು ತಲೆಯನ್ನು ಕೌಂಟರಿನ ಮರಕ್ಕೆ ಒರಗಿಸಿ ಬಿಕ್ಕಿದ. ದೇವರು ಇದೊಂದು ಸಲ ತನ್ನ ಕೈಯಿಂದ ಪಾಪವನ್ನು ಕಸಿದುಕೊಂಡ. ಇನ್ನು ಇಂಥದ್ದು ಬೇಡ, ಏನೇ ಆಗಲಿ ಬೇಡ ಎಂದು ಅಲ್ಲಿಯೇ ಹರಕೆ ಹೊತ್ತ. ಕಣ್ಣು ಒರಸಿಕೊಂಡು, ಸುಮ್ಮನೆ ಮಾತಿಗೆಂದು ಕೇಳಿದ: "ನಿಲ್ಲಲಿಕ್ಕೂ ಆಗದವನು ಅಷ್ಟು ದೂರ ಹೇಗೆ ಕಾರು ಬಿಟ್ಟ ಮಾಯಿ?"

"ಅವನೆಲ್ಲಿ ಬಿಟ್ಟದ್ದು!" ಆಂಜೆಲಾ ಬಾಯಿ ಹೆಮ್ಮೆಯಿಂದ ನಕ್ಕರು. "ನಮ್ಮ ಜೆರ್ಟ್ರೂಡಳೇ ಬಿಟ್ಟದ್ದು ಪುತಾ! ಗಾಯನ ಮಂಡಳಿಯ ಅಭ್ಯಾಸಕ್ಕೆ ಹೋಗುತ್ತೇನೆ ಅಂತ ಹೇಳಿ ಕಾರ್ಕಳದಲ್ಲೇ ಡ್ರೈವಿಂಗ್ ಕಲಿತಿದ್ದಾಳೆ. ಲೈಸೆನ್ಸೂ ಮಾಡಿಸಿದ್ದಾಳೆ, ಬ್ಯಾಗಿನಲ್ಲೇ ಉಂಟು. ನನಗೆ ಗೊತ್ತಿಲ್ಲ, ನೀನೂ ಕೇಳಲಿಲ್ಲ, ಅವನಿಗಂತೂ ಗೊತ್ತೇ ಇರಲಿಲ್ಲ. ಇವತ್ತು ಅವನು ಬಾಗಿಲಲ್ಲಿ ತೂರಾಡುವುದು ನೋಡಿ, ಬೆಳ್ಮಣ್‌ನಲ್ಲಿ ಶಾಲೆ ಬಿಡುವ ಹೊತ್ತು, ಮಕ್ಕಳೆಲ್ಲ ರಸ್ತೆಯಲ್ಲಿ ಇರುತ್ತಾರೆ ಅಂತ ಅವನ ಕೈಯಿಂದ ಕೀ ತೆಗೆದುಕೊಂಡಳು. ಆ ನೋವಿನ ಕೈಯಲ್ಲಿ ನಮ್ಮ ಇಕ್ಕಟ್ಟು ಓಣಿಯಿಂದ ಹಿಂದೆ ತೆಗೆದದ್ದು ನೀನು ನೋಡಬೇಕಿತ್ತು! ಅವನು ಎಡಗಡೆ ಕೂತು ಅವಳನ್ನೇ ನೋಡುತ್ತಾ ಇದ್ದ. ಹೊರಡುವಾಗ ಗಾಜು ಇಳಿಸಿ ನನ್ನಲ್ಲಿ ಕೇಳಿದ, 'ಮಾಯೀ, ಇವಳು ಕಾರು ಕಲಿತದ್ದು ಎಲ್ಲಿಗೆ ಹೋಗಲಿಕ್ಕೆ?' ಅಂತ. ಎಂಥ ಪ್ರಶ್ನೆ ಅಲ್ವಾ? ಮನೆ ಮುಟ್ಟಿದ್ದು ಹೇಳಿದವಳು ಆಮೇಲೆ ಫೋನ್ ಎತ್ತುತ್ತಾ ಇಲ್ಲ, ನಾನು ಆಗಿನಿಂದ ಮಾಡುತ್ತಾ ಇದ್ದೇನೆ. ಸುಸ್ತಾಗಿ ಮಲಗಿರಬೇಕು ಪಾಪ."